ಬೇರೆಯವರ ಫೋನಿಗೆ ಹೋದ ಓಟಿಪಿ

ನಾನು ಹೊಟ್ಟಿಕಿಚ್ಚಿನ ಮನಷ್ಯ. ಇದನ್ನ ಮೊದಲ ಹೇಳಿಬಿಡ್ತೇನಿ. ಮುಂದ ಓದಿಕೋತ ಹೋದಂಗ ನಿಮಗ ಹೆಂಗಿದ್ರೂ ಗೊತ್ತಾಗೋದ, ಮುಚ್ಚಿಟ್ಟು ಏನ್ ಮಾಡ್ಲಿ?

ಗೋವಾದ ವೆರ್ಣಾದಾಗ ಒಂದು ಔಷಧ ಕಾರ್ಖಾನಿಯೊಳಗ ನನ್ನ ಹರೇದಿಂದ ಹಿಡದು ತಲಿ ಬೆಳ್ಳಗಾಗೋತನಕ ಒಂದ ಕೆಲಸ ಮಾಡೇನಿ. ಒಳಗ ಬರೋ ಮಂದಿ ಖರೇ ಅವರೇ ಹೌದೋ ಅಲ್ಲೋ ಅನ್ನೋದನ್ನ ನೋಡೋ ಕೆಲಸ. ಮೊದಲ ಹಿತ್ತಾಳಿ ಬಿಲ್ಲಿ, ಆಮ್ಯಾಲೆ ಕಾರ್ಡು, ಕಡೀಕ ಕಂಪ್ಯೂಟರಿನ ಲಾಗಿನ್ನು. ಈಗ ನಮ್ಮ ಕಡೆ ಹುಡುಗ್ರು, ಹುಡುಗ್ಯಾರು ಡಿಪ್ಲೊಮಾ ಮಾಡ್ಕೊಂಡು ಇದೇ ಕೆಲಸಕ್ಕ ಬರಾಕತ್ತಾರ. ಪುಸ್ತಕದಾಗ ಸೆಟ್ಟಿಂಗ್ ಹೆಂಗ ಹಾಕೋದು ಅನ್ನೋದು ಐತಿ. ಹಾಕೋ ಮನಷ್ಯಾನ ಹೊಟ್ಟ್ಯಾಗ ಏನಿರತೈತಿ ಅನ್ನೋದು ಇಲ್ಲ. ಅದಕ್ಕ ಬರದೇನಿ. ನನಗ ಯಾವಾಗ ಏನು ಬಡ್ತಿ ಸಿಕ್ಕಿತು ಅನ್ನೋದು ನಿಮಗ ಬ್ಯಾಡ. ಶಾಂತವ್ವ ಅನ್ನೋ ಹೆಣ್ಮಗಳ ಕಾಯಂ ನೌಕರಿ ನನ್ನ ಒಂದು ಗುಂಡಿ ಒತ್ತೋದ್ರಾಗ ಹೆಂಗ ತಪ್ಪಿತು, ಅದು ನಿಮಗ ಬೇಕು.

ಬಿಲ್ಲಿ ಕಾಲದಾಗ ಮೋಸ ಹಿಡಿಯೋದು ಸಸಾರ ಇತ್ತು. ಒಬ್ಬಾಂವ ಕೆಲಸಕ್ಕ ಬಾರದ ನಾಕು ಮಂದಿ ಬಿಲ್ಲಿನೂ ಹಾಜರಿ ಡಬ್ಬಿಗೆ ಹಾಕಾಂವ, ನಾ ಕೈ ಹಿಡಿಯಾಂವ. ಒಮ್ಮೆ ಹಂಗ ಒಬ್ಬನ್ನ ಹಿಡದು ಎಲ್ಲಾರ ಮುಂದ ಬೈದೆ. ನೋಡಿದ್ರ ಅಂವ ಗೇಟಿನ ಹೊರಗ ಬಿದ್ದಿದ್ದ ಬಿಲ್ಲಿ ಆರಿಸಿ ತಂದು ಕೊಡಾಕ ಬಂದಿದ್ದ. ಅವತ್ತ ನಮ್ಮ ಮ್ಯಾನೇಜರು ರೊಡ್ರಿಗಸ್ ಸಾಹೇಬ್ರು ನನ್ನ ಕರದು, ಕಳ್ಳನ್ನ ಹಿಡಿಯೋಕಿಂತ ಮೊದಲ ಮನಷ್ಯಾನ ಕೇಳೋದು ಕಲಿ ಅಂದ್ರು.

ಈ ಸಾಹೇಬ್ರು ಮಡಗಾಂವದವರು. ನಾವು ಮಾತಾಡೋವಾಗ ಕಣ್ಣು ಮುಚ್ಚಿ ಕೇಳವರು, ನಿದ್ದಿ ಹತ್ತೈತೇನೋ ಅನ್ನಬೇಕು, ಹಂಗ. ಹೊಗಳೋದು ಅವರ ಜಾಯಮಾನದಾಗ ಇರಲಿಲ್ಲ. ಭಾಳ ಖುಷಿ ಆದ್ರ ಕೊಂಕಣ್ಯಾಗ "ಬರೆಂ" ಅಂತಿದ್ರು, ಚಲೋ ಆತು ಅಂತ. ಇಷ್ಟು ವರ್ಷದಾಗ ನನಗ ಮೂರು ಸಲ ಅಂದಾರ. ಯಾವಾಗ, ಎಲ್ಲಿ ನಿಂತು ಅಂದ್ರು ಅನ್ನೋದು ಸೈತ ನೆನಪೈತಿ.

ಆಮ್ಯಾಲೆ ಮುಂಬೈ ಹೆಡ್ಡಾಪೀಸಿನವರು ಪೋರ್ಟಲ್ ತಂದ್ರು. ಪಾಳಿ, ರಜಾ, ಹಾಜರಿ ಎಲ್ಲಾ ಇಂಟರ್ನೆಟ್ಟಿನ್ಯಾಗ, ಒಬ್ಬೊಬ್ಬರಿಗೆ ಒಂದೊಂದು ಲಾಗಿನ್. ನಮ್ಮ ಕಾರ್ಖಾನಿಗೆ ನಾನ ಅಡ್ಮಿನ್. ಅಂದ್ರ ಯಾರಿಗೆ ಬಾಗಲಾ ತೆರೀಬೇಕು, ಹೆಂಗ ತೆರೀಬೇಕು ಅನ್ನೋ ಸೆಟ್ಟಿಂಗ್ ಎಲ್ಲಾ ನನ್ನ ಕೈಯಾಗ. ಎರಡು ದಿನ ತರಬೇತಿ ಕೊಟ್ರು. ಬಂದವನ ನಾ ಶಾಣ್ಯಾ ಆಗಿ ಪಾಸ್‌ವರ್ಡಿಗೆ ಕಾನೂನು ಹಾಕಿದೆ. ಎಂಟು ಅಕ್ಷರ ಇರಬೇಕು, ಅದರಾಗ ಒಂದು ದೊಡ್ಡ ಅಕ್ಷರ, ಒಂದು ಅಂಕಿ, ಒಂದು ಚಿಹ್ನಿ. ತಿಂಗಳಿಗೊಮ್ಮೆ ಬದಲಿ ಆಗಬೇಕು. ಯಾರ ಲಾಗಿನ್ನಿಗೆ ಯಾರು ಕೈ ಹಾಕಿದ್ರು, ಯಾವಾಗ ಹಾಕಿದ್ರು ಅನ್ನೋದು ಅವರವರ ಪುಟದಾಗ ಅವರವರಿಗೆ ಕಾಣೋ ಹಂಗ ಒಂದು ಸೆಟ್ಟಿಂಗ್ ಇತ್ತು, ಅದನ್ನೂ ಚಾಲೂ ಮಾಡಿಟ್ಟೆ. ಪಾರದರ್ಶಕ ಇರಬೇಕಲ್ಲ ಅಂತ ಮೀಟಿಂಗಿನ್ಯಾಗ ಎದಿ ಉಬ್ಬಿಸಿ ಹೇಳಿದೆ.

ವಾರ ಆಗಿದ್ದಿಲ್ಲ, ಪ್ಯಾಕಿಂಗ್ ಹಾಲಿಗೆ ಹೋದ್ರ ಗ್ವಾಡಿ ಮ್ಯಾಲೆ ಸುಣ್ಣದ ಕಡ್ಡೀಲೆ ಒಂದು ಪಾಸ್‌ವರ್ಡ್ ಬರದೈತಿ. ಇಡೀ ಹಾಲಿಗೆ ಅದ ಒಂದು. ಮಂದಿನ್ನ ಕೆಲಸಕ್ಕ ತಂದ ಮುಕಾದಮ ಹನಮಂತ ಯೋಚನೆ ಮಾಡಿ ತಯಾರು ಮಾಡಿದ್ದ. "ನೀವು ಹೇಳಿದ್ದೆಲ್ಲಾ ಅದರಾಗ ಐತಿ ನೋಡ್ರಿ ಸರ" ಅಂತ ಹೆಮ್ಮಿಲೆ ಅಂದ. ನಾ ಚಾವಿ ಮಾಡಿದ್ದೆ, ಅಂವ ಅದನ್ನ ಬಾಗಲಕ್ಕ ತೂಗುಹಾಕಿದ್ದ.

ಆಗ ಬಂದಾಕಿ ಮೆಹರುನ್ನೀಸಾ.

ಆಕಿ ಅಪ್ಪ ಗದಗ ಕಡೆಯಾಂವ, ವಾಸ್ಕೋ ಬಂದರದಾಗ ಲಾರಿ ಹೊಡೀತಿದ್ದ. ಆಕಿ ಹುಟ್ಟಿದ್ದು, ಬೆಳದದ್ದು ದಾಬೋಲಿಮ್‌ದಾಗ. ನನ್ನ ಕೈ ಕೆಳಗ ಡಾಟಾ ತುಂಬೋ ಕೆಲಸಕ್ಕ ಕಾಂಟ್ರ್ಯಾಕ್ಟ್ ಮ್ಯಾಲೆ ಸೇರಿದ್ಲು. ನನ್ನ ಜೋಡಿ ನಮ್ಮ ಕನ್ನಡ, ಸಾಹೇಬ್ರ ಜೋಡಿ ಅಚ್ಚ ಕೊಂಕಣಿ, ಮುಂಬೈದವರ ಜೋಡಿ ಫೋನಿನ್ಯಾಗ ಹಿಂದಿ. ನಾ ಇಷ್ಟು ವರ್ಷ ಗೋವಾದಾಗ ಇದ್ರೂ ನನ್ನ ಕೊಂಕಣಿ ಮೀನು ಪ್ಯಾಟಿಗಷ್ಟ ಸಾಕಾಗ್ತಿತ್ತು. ಆಕಿ ಮಾತಾಡಿದ್ರ ಸಾಹೇಬ್ರು ಕಣ್ಣು ತೆರದು ಕೇಳ್ತಿದ್ರು. ಅಲ್ಲಿಂದನ ಶುರುವಾತು ನನ್ನ ಬ್ಯಾನಿ.

ಗ್ವಾಡಿ ಮ್ಯಾಲಿನ ಪಾಸ್‌ವರ್ಡ್ ನೋಡಿ ಆಕಿ ನಗಲಿಲ್ಲ. ಮಧ್ಯಾಹ್ನ ಬುತ್ತಿ ತಗೊಂಡು ಪ್ಯಾಕಿಂಗ್ ಹಾಲಿಗೆ ಹೋಗಿ ಹೆಣ್ಮಕ್ಕಳ ಜೋಡಿ ಕುಂತು ಉಂಡ್ಲು. ಮೂರು ದಿನ ಬಿಟ್ಟು ನನ್ನ ಕಡೆ ಬಂದು, ಸರ, ತಿಂಗಳಿಗೊಮ್ಮೆ ಬದಲಿ ಮಾಡ್ರಿ ಅನ್ನೋದನ್ನ ತಗದುಬಿಡ್ರಿ, ಅದಕ್ಕ ಅಂಜಿ ಅವರು ಗ್ವಾಡಿಗೆ ಬರದಾರ ಅಂದ್ಲು. ಅಕ್ಷರ ಬರವರಿಗೆ ಮನ್ಯಾಗ ದಿನಾ ಅನ್ನೋ ಒಂದು ಉದ್ದನ ಮಾತೇ ಪಾಸ್‌ವರ್ಡ್ ಇರ್ಲಿ, ಬಾರದವರಿಗೆ ಅವರೇ ಆರಿಸಿದ ಅಂಕಿ ಇರ್ಲಿ, ಯಾರಿಗೂ ಹೇಳಬಾರದು ಅಂತ ನಾ ತಿಳಿಸಿ ಹೇಳ್ತೇನಿ ಅಂದ್ಲು. ನಾ ಆಗಂಗಿಲ್ಲ ಅಂದೆ. ಯಾಕ ಆಗಂಗಿಲ್ಲ ಅನ್ನೋದು ನನಗ ಗೊತ್ತಿರಲಿಲ್ಲ. ಆಕಿ ಹೇಳಿದ್ಲು, ಅದಕ್ಕ ಆಗಂಗಿಲ್ಲ. ಸಾಹೇಬ್ರ ಕಿವಿಗೆ ಹೋತು, ಮಾಡಿಸಿದ್ರು. ಎಂಟು ದಿನದಾಗ ಗ್ವಾಡಿ ಸ್ವಚ್ಛ ಆತು. ಸಾಹೇಬ್ರು ನನ್ನ ಎದುರಿಗೇ ಆಕಿಗೆ "ಬರೆಂ" ಅಂದ್ರು. ಬಂದು ತಿಂಗಳೂ ತುಂಬಿರಲಿಲ್ಲ ಆಕಿ. ಅವತ್ತ ಮನಿಗೆ ಹೋಗಿ ಊಟಾ ಮಾಡಲಿಲ್ಲ ನಾನು. ಹೆಂಡ್ತಿ ಕೇಳಿದ್ರ ಆಸಿಡಿಟಿ ಅಂದೆ.

ಆಮ್ಯಾಲೆ ಸಾಹೇಬ್ರು ಆಕಿಗೂ ಅಡ್ಮಿನ್ ಹಕ್ಕು ಕೊಡಿಸಿದ್ರು. ಒಬ್ಬ ಜಡ್ಡಾಗಿ ಬಿದ್ರ ಇನ್ನೊಬ್ಬ ಬೇಕು ಅನ್ನೋದು ಅವರ ಮಾತು, ಖರೇನೂ ಹೌದು. ಆದ್ರ ನನಗ ನನ್ನ ಮನಿ ಕೀಲಿಕೈ ಇನ್ನೊಬ್ಬರ ಸೊಂಟದಾಗ ಸಿಗಿಸಿದಂಗ ಆತು. ಮಂದಿ ನನ್ನ ಖುರ್ಚಿ ದಾಟಿ ಆಕಿ ಖುರ್ಚಿಗೆ ಹೋಗಾಕತ್ರು. ಚಾ ತರೋ ಮನಷ್ಯಾ ಮೊದಲ ಆಕಿ ಟೇಬಲ್ಲಿಗೆ ಇಡ್ತಿದ್ದ. ನಗಬ್ಯಾಡ್ರಿ. ನೀವೂ ಒಂದಿನ ನಿಮ್ಮ ಚಾ ಎರಡನೇದಾಗಿ ಬರೋದನ್ನ ನೋಡ್ತೀರಿ, ಆಗ ತಿಳೀತೈತಿ.

ಒಂದು ವಿಷಯದಾಗ ಮಾತ್ರ ನಾ ಗೆದ್ದಿದ್ದೆ. ಆಕಿ ಸ್ಕೂಟಿ ಮ್ಯಾಲೆ ಬರ್ತಿದ್ಲು, ನಾನು ಕಂಪನಿ ಬಸ್ಸಿನ್ಯಾಗ. ಅದೇ ಬಸ್ಸಿನ್ಯಾಗ ಪ್ಯಾಕಿಂಗಿನ ಶಾಂತವ್ವ ಬರ್ತಿದ್ಲು. ಆಕಿ ಗಂಡ ಸಾಂಗೆ ಕಡೆ ಗಣಿಯೊಳಗ ದುಡೀತಿದ್ದ. ಗಣಿ ಬಂದಾದ ಮ್ಯಾಲೆ ಅಂವ ಸಿಕ್ಕಲ್ಲಿ ಕೂಲಿ, ಮನಿ ನಿಂತದ್ದು ಶಾಂತವ್ವನ ಮ್ಯಾಲೆ. ಅಕ್ಷರ ಬರ್ತಿರಲಿಲ್ಲ, ಅಂಕಿ ಬರ್ತಿದ್ವು. ಹನ್ನೊಂದು ವರ್ಷ ಮುಕಾದಮನ ಕೈ ಕೆಳಗ ಅದೇ ಲೈನಿನ್ಯಾಗ ನಿಂತು ಗುಳಿಗಿ ಪೆಟ್ಟಿಗಿ ತುಂಬ್ಯಾಳ. ದಿನಾ ದಾಬೋಲಿಮ್ ನಾಕಾದಾಗ ಇಳಿಯೋವಾಗ ನನ್ನ ಸೀಟಿನ ಹಂತೇಕ ನಿಂತು "ಬರ್ತೇನ್ರಿ ಸರ" ಅಂತಿದ್ಲು. ಬಸ್ಸಿನ್ಯಾಗ ಮತ್ಯಾರಿಗೂ ಹಂಗ ಅಂತಿರಲಿಲ್ಲ. ಮೆಹರುನ್ನೀಸಾಗ ಏನ ಸಿಗ್ಲಿ, ಈ ಮಾತು ಸಿಗಂಗಿಲ್ಲ ಅಂತ ನಾ ಒಳಗ ಹಿಗ್ಗತಿದ್ದೆ.

ಒಂದು ವರ್ಷ ಹೆಡ್ಡಾಪೀಸಿನಿಂದ ಆದೇಶ ಬಂತು. ಭಾಳ ವರ್ಷದಿಂದ ಇದ್ದ ಕಾಂಟ್ರ್ಯಾಕ್ಟ್ ಮಂದಿನ್ನ ಕಾಯಂ ಮಾಡ್ತಾರ. ಆದ್ರ ಒಬ್ಬೊಬ್ಬರೂ ತಾವ ಪೋರ್ಟಲ್ಲಿಗೆ ಹೋಗಿ, ತಮ್ಮ ಸೇವಾ ವಿವರ ಸರಿ ಐತಿ ಅಂತ ಒಪ್ಪಬೇಕು. ಶನಿವಾರ ಸಂಜಿ ಐದಕ್ಕ ಪುಟ ತಾನ ಮುಚ್ಚತೈತಿ. ಒಪ್ಪದವರು ಮುಂದಿನ ಪಟ್ಟಿತನಕ ಕಾಯಬೇಕು, ಆ ಪಟ್ಟಿ ಯಾವಾಗ ಅನ್ನೋದು ದೇವರಿಗೇ ಗೊತ್ತು. ಜೋಡಿಲೆ ಇನ್ನೊಂದು ಹುಕುಂ. ಬರೇ ಪಾಸ್‌ವರ್ಡ್ ಸಾಲದು, ಮಂದಿಗೆಲ್ಲಾ ಎರಡು ಹಂತದ ಲಾಗಿನ್ ಬೇಕು, ಅಂದ್ರ ಫೋನಿಗೆ ಬರೋ ಓಟಿಪಿನೂ ಹೊಡೀಬೇಕು.

ಇಲ್ಲಿ ಒಂದು ಮಾತು ಕೇಳ್ರಿ, ಇದು ಪುಸ್ತಕದಾಗ ಇಲ್ಲ. ನಮ್ಮ ಮಂದಿ ಕೆಲಸಕ್ಕ ಸೇರೋವಾಗ ಅರ್ಜಿ ತುಂಬವನು ಮುಕಾದಮ. ಫೋನ್ ನಂಬರ್ ಅನ್ನೋ ಜಾಗಾದಾಗ ಅಂವ ತನ್ನ ನಂಬರೇ ಬರೀತಾನ. ಮೋಸ ಅಲ್ಲ ಅದು. ಊರಿಂದ ಬಂದವರ ಕಡೆ ಫೋನ್ ಇರಂಗಿಲ್ಲ, ಇದ್ರೂ ಮನಿಗೊಂದು, ಅದು ಗಂಡನ ಕಿಸೇದಾಗ. ಹಂಗಾಗಿ ಪ್ಯಾಕಿಂಗ್ ಹಾಲಿನ ಮುಕ್ಕಾಲು ಮಂದಿ ಓಟಿಪಿ ಹೋಗೋದು ಹನಮಂತನ ಫೋನಿಗೆ. ಇದನ್ನ ಕಂಡುಹಿಡದಾಕಿನೂ ಮೆಹರುನ್ನೀಸಾನ. ನೋಟ್‌ಬುಕ್ ಹಿಡದು ಒಬ್ಬೊಬ್ಬರ ಖರೇ ನಂಬರ್ ಬರಕೊಂಡು, ತನ್ನ ಅಡ್ಮಿನ್ ಲಾಗಿನ್ನಿನ್ಯಾಗ ಬದಲಿ ಮಾಡಿಕೋತ ಬಂದ್ಲು. ಶಾಂತವ್ವ ಒಬ್ಬಾಕಿ ಉಳಿದ್ಲು, ಆಕಿ ಕಡೆ ಫೋನೇ ಇರಲಿಲ್ಲ. ಶನಿವಾರ ಮಗಳ ಫೋನ್ ತಗೊಂಡು ಬಾ ಯವ್ವಾ, ನಂಬರ್ ಹಾಕೋದು ಎರಡು ನಿಮಿಷದ ಕೆಲಸ ಅಂತ ಆಕಿಗೆ ಹೇಳಿಟ್ಟಿದ್ಲು. ಇದು ನನಗ ಗೊತ್ತಿತ್ತು. ಗೊತ್ತಿರಲಿಲ್ಲ ಅಂತ ಈಗ ಬರದ್ರ ಯಾರೂ ಕೇಳಂಗಿಲ್ಲ, ಆದ್ರ ಗೊತ್ತಿತ್ತು.

ಗುರುವಾರ ಮೀಟಿಂಗ್ ಆತು. ಎಲ್ಲಾರೂ ಕುಂತಾಗ ಸಾಹೇಬ್ರು, ಲಾಗಿನ್ ವಿಷಯ ಏನಿದ್ರೂ ಇನ್ನು ಮ್ಯಾಲೆ ಮೆಹರುನ್ನೀಸಾನ್ನ ಕೇಳ್ರಿ ಅಂದ್ರು. ನನ್ನ ಕಡೆ ನೋಡಲೂ ಇಲ್ಲ. ಗ್ವಾಡಿ ಮ್ಯಾಲಿನ ಹಳೇ ಕ್ಯಾಲೆಂಡರಿನಂಗ ಕುಂತಿದ್ದೆ ನಾನು. ಸಂಜಿ ಎಲ್ಲಾರೂ ಬಸ್ಸಿಗೆ ಹೋದ್ರು. ನಾ ಹಿಂದ ಉಳಕೊಂಡು, ಭದ್ರತಾ ದೃಷ್ಟೀಲೆ ಒಬ್ಬನ ಅಡ್ಮಿನ್ ಇರಬೇಕು ಅಂತ ನನಗ ನಾನ ಹೇಳ್ಕೊಂಡು, ಆಕಿ ಹಕ್ಕು ತಗದೆ. ಅಷ್ಟಕ್ಕ ಬಿಡಲಿಲ್ಲ. ಬಿಗಿ ಮಾಡವನು ಯಾರು ಅನ್ನೋದು ಗೊತ್ತಾಗ್ಲಿ ಅಂತ ಎರಡು ಹಂತದ ಲಾಗಿನ್ ಅಡ್ಮಿನ್ನಿಗೂ ಹಾಕಿದೆ. ಓಟಿಪಿ ಐದು ನಿಮಿಷದಾಗ ಸಾಯೋ ಹಂಗ ಇಟ್ಟೆ. ಹಿತ ಅನಸ್ತು.

ಶುಕ್ರವಾರ ಮೆಹರುನ್ನೀಸಾ ರಜಾದ ಮ್ಯಾಲಿದ್ಲು, ಅಪ್ಪನ್ನ ದವಾಖಾನಿಗೆ ಕರಕೊಂಡು ಹೋಗಿದ್ಲು. ಶನಿವಾರ ಮುಂಜಾನಿಂದ ಪ್ಯಾಕಿಂಗ್ ಹಾಲಿನ್ಯಾಗ ಮಂದಿಗೆ ಒಪ್ಪಿಗಿ ಒತ್ತಸ್ಕೋತ ಕುಂತಿದ್ಲು, ಅಡ್ಮಿನ್ ಲಾಗಿನ್ನಿನ ಕೆಲಸ ಬಿದ್ದಿರಲಿಲ್ಲ. ನನ್ನ ಕಂಪ್ಯೂಟರಿನ್ಯಾಗ ಗುರುವಾರದ ಲಾಗಿನ್ ತೆರದ ಇತ್ತು. ಮಧ್ಯಾಹ್ನ ಕರೆಂಟ್ ಹೋಗಿ ಬಂತು, ಕಂಪ್ಯೂಟರ್ ಆರಿ ಹತ್ತಿತು, ಆ ಲಾಗಿನ್ ಮುಚ್ಚಿತು. ನಾ ಅದರ ಬಗ್ಗೆ ತಲಿ ಕೆಡಿಸಿಕೊಳ್ಳಲಿಲ್ಲ.

ನಾಕೂವರಿಗೆ ಪಾಳಿ ಮುಗಿಸಿ ಶಾಂತವ್ವ ಬಂದ್ಲು. ಕೈಯಾಗ ಮಗಳ ಫೋನು, ಸೆರಗಿನ್ಯಾಗ ಸುತ್ತಿ ಹಿಡಕೊಂಡಿದ್ಲು. ಜೋಡಿಲೆ ಮೆಹರುನ್ನೀಸಾ. ಆಕಿ ಕುಂತು ಲಾಗಿನ್ ಮಾಡಿದ್ಲು. ನಂಬರ್ ಬದಲಿ ಮಾಡೋ ಗುಂಡಿನ ಇರಲಿಲ್ಲ. ಎರಡು ಸಲ ಹೊರಗ ಬಂದು ಒಳಗ ಹೋದ್ಲು. ಆಮ್ಯಾಲೆ ನನ್ನ ಕಡೆ ತಿರುಗಿ, "ಸರ, ನನ್ನ ಹಕ್ಕು ಹೋಗ್ಯಾವು" ಅಂದ್ಲು.

"ಸಿಸ್ಟಮ್ ಏನರ ಮಾಡಿರಬೇಕು" ಅಂದೆ ನಾನು.

ನಾನ ಮಾಡ್ತೇನಿ ತಡೀರಿ ಅಂತ ದೊಡ್ಡಸ್ತಿಕಿಲೆ ನನ್ನ ಖುರ್ಚಿಗೆ ಕುಂತೆ. ಪಾಸ್‌ವರ್ಡ್ ಹೊಡದೆ. ನಿಮ್ಮ ಫೋನಿಗೆ ಓಟಿಪಿ ಕಳಿಸೇವಿ ಅಂತು ಕಂಪ್ಯೂಟರ್. ಕಿಸೇದಾಗಿನ ಫೋನ್ ತಗದು ನೋಡಿದೆ, ಏನೂ ಇಲ್ಲ. ಆಗ ನೆನಪಾತು. ಪೋರ್ಟಲ್ಲಿನ್ಯಾಗ ಇದ್ದದ್ದು ನನ್ನ ಹಳೇ ನಂಬರು. ಹೊಸಾ ಫೋನ್ ತಗೊಂಡಾಗ ಹಳೇದನ್ನ ಸಿಮ್ ಸಹಿತ ಹೆಂಡ್ತಿಗೆ ಕೊಟ್ಟಿದ್ದೆ. ಮಂದಿ ನಂಬರ್ ಮುಕಾದಮಂದಾದ್ರ, ನನ್ನ ನಂಬರೂ ನಂದಾಗಿರಲಿಲ್ಲ.

ಹೆಂಡ್ತಿ ಅವತ್ತ ಮಧ್ಯಾಹ್ನದ ಗಾಡೀಲೆ ವಾಸ್ಕೋದಿಂದ ಬೆಳಗಾವಿಗೆ ಹೊಂಟಿದ್ಲು, ತಂಗಿ ಮಗಳು ಬಸರಿ, ಆಕಿ ಕುಬುಸಕ್ಕ. ಆ ಹೊತ್ತಿಗೆ ಗಾಡಿ ಕುಳೆಂ ದಾಟಿ ಘಟ್ಟ ಹತ್ತಾಕತ್ತಿತ್ತು. ಗುಡ್ಡದ ಸುರಂಗ, ಬೋಗದಾ ಮ್ಯಾಲೆ ಬೋಗದಾ, ಫೋನಿಗೆ ಒಂದು ಕಡ್ಡಿ ಸಿಗ್ನಲ್ ಇರಂಗಿಲ್ಲ ಅಲ್ಲಿ. ನಾ ಹಚ್ಚೇ ಹಚ್ಚಿದೆ. ಶಾಂತವ್ವನ ಓಟಿಪಿ ಹೋಗೋ ಹನಮಂತನ ಫೋನಿಗೆ ಹಚ್ಚಿದ್ರ ಅಂವ ಊರಿಗೆ ಹೋಗಿದ್ದ, ಫೋನ್ ಬಂದ್. ಹೆಡ್ಡಾಪೀಸಿಗೆ ಶನಿವಾರ ಸೂಟಿ, ಗಂಟಿ ಬಾರಿಸಿಕೋತ ಇತ್ತು. ನಾಕು ಐವತ್ತಕ್ಕ ಒಮ್ಮೆ ಹೆಂಡ್ತಿ ಫೋನ್ ಹತ್ತಿತು. "ಏನೋ ಅಂಕಿ ಬಂದಾವು, ಏಳು, ಎರಡು..." ಅನ್ನೋದ್ರಾಗ ಕತ್ತರಿಸಿತು. ಬೋಗದಾ ಬಂದಿರಬೇಕು. ತಾ ತೋಡಿದ ಗುಂಡಿಗೆ ತಾನ ಬಿದ್ದಂಗ ಅಂತಾರಲ್ಲ, ಬಿದ್ದಾಂವ ನಾ ಒಬ್ಬನ ಆಗಿದ್ರ ಸುಡ್ಲಿ ಬಿಡು ಅಂತಿದ್ದೆ.

ಶಾಂತವ್ವ ಇಷ್ಟೂ ಹೊತ್ತು ನನ್ನ ಮಾರಿ ನೋಡಿಕೋತ ನಿಂತಿದ್ಲು. ಐದಾತು. ಪುಟ ಬೂದಿ ಬಣ್ಣಕ್ಕ ತಿರುಗಿತು.

"ನಾ ಏನರ ತಪ್ಪ ಒತ್ತೀನೇನ್ರಿ ಸರ?" ಅಂತ ಕೇಳಿದ್ಲು. ಆಕಿ ಒಂದು ಗುಂಡಿನೂ ಒತ್ತಿರಲಿಲ್ಲ.

ಆ ಸಂಜಿ ಬಸ್ಸಿನ್ಯಾಗೂ ಇಳಿಯೋವಾಗ "ಬರ್ತೇನ್ರಿ ಸರ" ಅಂದ್ಲು. ನೀವು ಭಾಳ ಒದ್ದಾಡಿದ್ರಿ ಪಾಪ ಅಂತನೂ ಅಂದ್ಲು.

ಸೋಮವಾರ ಸಾಹೇಬ್ರು ಇಬ್ಬರನ್ನೂ ಕರದು, ಒಬ್ಬಾಕಿ ಯಾಕ ಉಳಿದ್ಲು ಅಂತ ಕೇಳಿದ್ರು. ನಾನು, ನಂಬರ್ ಬದಲಿ ಮಾಡೋ ಕೆಲಸ ಮೆಹರುನ್ನೀಸಾಂದಿತ್ತು ಅಂದೆ. ನೋಡ್ರಿ, ಸುಳ್ಳಲ್ಲ ಅದು. ಒಂದು ಅಕ್ಷರನೂ ಸುಳ್ಳಿಲ್ಲ. ಅಂಥಾ ಮಾತು ಆರಿಸಿ ತಗದಿದ್ದೆ. ಸಾಹೇಬ್ರು ಕಣ್ಣು ಮುಚ್ಚಿಕೊಂಡ್ರು. ಮೆಹರುನ್ನೀಸಾ ನನ್ನ ನೋಡಿದ್ಲು, ಬಾಯಿ ತೆರೀಲಿಲ್ಲ. ಆಕಿನ್ನ ಗೇಟಿಗೆ ಹಾಕಿದ್ರು, ಪಾಸ್ ಬರಿಯೋ ಕೆಲಸಕ್ಕ. ಅವತ್ತ ಚಾ ನನ್ನ ಟೇಬಲ್ಲಿಗೆ ಮೊದಲ ಬಂತು. ರುಚಿ ಹತ್ತಲಿಲ್ಲ ಅಂತ ಬರದ್ರ ಚಂದ ಕಾಣತೈತಿ. ಆದ್ರ ರುಚಿ ಹತ್ತಿತ್ತು.

ಒಂದು ಅಂಜಿಕಿ ಮಾತ್ರ ಒಳಗ ಕೊರೀತಿತ್ತು. ಯಾರು ಯಾರ ಹಕ್ಕು ತಗದ್ರು ಅನ್ನೋದು ಅವರವರ ಪುಟದಾಗ ಕಾಣೋ ಹಂಗ ನಾನ ಇಟ್ಟಿದ್ದೆನಲ್ಲ. ಈಗ ಬಂದ್ ಮಾಡಿದ್ರ ಬಂದ್ ಮಾಡಿದ್ದೂ ಬರಕೊಳ್ತೈತಿ. ಆಕಿಗೆ ಆ ಮೂಲ್ಯಾಗ ನೋಡೋ ಬುದ್ಧಿ ಬರದಿರ್ಲಿ ಅಂತ ದೇವರಿಗೆ ಬೇಡ್ಕೊಂಡೆ. ವರ್ಷ ಕಳೀತು, ಏನೂ ಆಗಲಿಲ್ಲ. ನೋಡಿಲ್ಲ ಅಂತ ಧೈರ್ಯ ಬಂತು.

ಅಷ್ಟರಾಗ ಗೇಟಿಗೆ ಬೆರಳಚ್ಚಿನ ಯಂತ್ರ ಬಂತು. ನಮ್ಮ ಮಂದಿ ಬೆರಳು ಸಿಮೆಂಟು, ಸೋಡಾ, ರಟ್ಟಿನ ಪೆಟ್ಟಿಗಿಗೆ ಸವದು ನುಣ್ಣಗಾಗಿರ್ತಾವು. ಯಂತ್ರ ಅವರನ್ನ ಒಲ್ಲೆ ಅಂತಿತ್ತು. ಮುಂಜಾನಿ ಗೇಟಿಗೆ ಉದ್ದನ ಸಾಲು. ನಾ ಮುಂಬೈಗೆ ಪತ್ರದ ಮ್ಯಾಲೆ ಪತ್ರ ಬರದೆ. ಗೇಟಿನ್ಯಾಗ ಕುಂತಾಕಿ ಎಡಗೈ ಕಿರಿಬೆರಳು ಕಡಿಮಿ ಸವದಿರತೈತಿ ಅಂತ ನೋಡಿ, ಎಲ್ಲಾರದೂ ಅದನ್ನ ತುಂಬಿಸಿದ್ಲು. ಎರಡು ದಿನದಾಗ ಸಾಲು ಕರಗಿತು. ಸಾಹೇಬ್ರು ಆಕಿನ್ನ ತಿರುಗಿ ಆಫೀಸಿಗೆ ತಂದ್ರು. ಶಿಕ್ಷಾ ಅಂತ ಕಳಿಸಿದ ಜಾಗಾದಿಂದನೂ ಗೆದ್ದು ಬಂದ್ಲಲ್ಲ ಅಂತ ನನ್ನ ಹೊಟ್ಟಿ ಮತ್ತ ಉರೀತು. ಆಮ್ಯಾಲೆ ಒಂದೂವರಿ ವರ್ಷಕ್ಕ ಎರಡನೇ ಪಟ್ಟಿ ಬಂತು, ಶಾಂತವ್ವ ಕಾಯಂ ಆದ್ಲು. ಆದ್ರ ಆ ನಡುವ ಗಂಡ ಕೆಲಸದಾಗ ಮ್ಯಾಲಿಂದ ಬಿದ್ದು ಸೊಂಟ ಮುರಕೊಂಡಿದ್ದ. ಕಾಯಂ ಮಂದಿಗೆ ಸಿಗೋ ದವಾಖಾನಿ ಸವಲತ್ತು ಆಕಿಗೆ ಆಗ ಇರಲಿಲ್ಲ. ಅಂವ ಈಗೂ ಕೋಲು ಹಿಡದು ನಡೀತಾನ.

ನಾ ನಿವೃತ್ತಿ ಆಗೋ ಹೊತ್ತಿಗೆ ಅಡ್ಮಿನ್ ಮುಖ್ಯಸ್ಥಿ ಮೆಹರುನ್ನೀಸಾನ. ಹೋಗೋರ ಲಾಗಿನ್ ಅವರ ಎದುರಿಗೇ ಬಂದ್ ಮಾಡೋದು ನಮ್ಮ ಪದ್ಧತಿ. ಕಡೇ ದಿನ ಆಕಿ ಹಂತೇಕ ಕುಂತೆ. ಬಂದ್ ಮಾಡೋಕಿಂತ ಮೊದಲ ಆಕಿ ತನ್ನ ಸ್ವಂತ ಪುಟ ತೆರದು, ಕೆಳಗ ಕೆಳಗ ಸರಿಸಿ, ಒಂದು ಸಾಲಿನ ಮ್ಯಾಲೆ ನಿಲ್ಲಿಸಿದ್ಲು. ಗುರುವಾರ ಸಂಜಿ, ಹಕ್ಕು ತಗದವರು ಅನ್ನೋದರ ಮುಂದ ನನ್ನ ಹೆಸರು.

"ಯಾವಾಗ ನೋಡಿದಿ?" ಅಂತ ಕೇಳಿದೆ.

"ಅದೇ ಶನಿವಾರ ಸರ. ನೀವು ಮನಿಯವರಿಗೆ ಫೋನ್ ಹಚ್ಚಾಕತ್ತಿದ್ರಿ, ಆವಾಗ."

ಮತ್ತ ಸೋಮವಾರ ಸಾಹೇಬ್ರ ಮುಂದ ಯಾಕ ಹೇಳಲಿಲ್ಲ ಅಂದೆ. ಆಕಿ ಉತ್ತರದಾಗ ಸಿಟ್ಟಿರಲಿಲ್ಲ, ಮರುಕನೂ ಇರಲಿಲ್ಲ. ಈ ಕೆಲಸ ಅಲ್ಲಿ ಬರ್ತಿದ್ದದ್ದು ನಿಮಗೊಬ್ಬರಿಗೆ, ಹೇಳಿದ್ರ ನೀವು ಕಲಿಸೋದು ಬಿಡ್ತಿದ್ರಿ, ನಾ ಕಲೀಬೇಕಾಗಿತ್ತು ಅಂದ್ಲು. ಇಷ್ಟ. ಅಷ್ಟು ವರ್ಷ ನಾ ಆಕಿನ್ನ ನೋಡಿ ಉರದದ್ದು ಬರೇ ಶಾಣ್ಯಾತನಕ್ಕ. ಅಷ್ಟು ದೊಡ್ಡ ಮಾತನ್ನ ನುಂಗಿ ದಿನಾ ನನಗ ನಮಸ್ಕಾರ ಹೇಳೋ ತಾಕತ್ತು ಆಕಿ ಕಡೆ ಇತ್ತು ಅನ್ನೋದು ಅವತ್ತ ತಿಳೀತು. ಅದಕ್ಕೂ ಹೊಟ್ಟಿಕಿಚ್ಚಾತು ನನಗ, ಏನ್ ಹೇಳ್ಲಿ.

"ಶಾಂತವ್ವಗ ಗೊತ್ತೈತೇನು?" ಅಂದೆ.

"ಇಲ್ರಿ. ಅದು ನೀವು ಹೇಳೋದು" ಅಂದು ಆಕಿ ಗುಂಡಿ ಒತ್ತಿದ್ಲು. ನನ್ನ ಲಾಗಿನ್ ಬಂದಾತು.

ಅವತ್ತ ಬಸ್ಸಿನ್ಯಾಗ ನನ್ನ ಬಾಜೂ ಸೀಟಿಗೆ ಶಾಂತವ್ವನ್ನ ಕರದೆ. ಎಲ್ಲಾ ಹೇಳಿದೆ. ಗುರುವಾರದ ಗುಂಡಿ, ಸೋಮವಾರದ ಮಾತು, ಎರಡೂ. ಆಕಿ ತೊಡಿ ಮ್ಯಾಲೆ ಬುತ್ತಿ ಚೀಲಾ ಇಟ್ಕೊಂಡು ಕೇಳಿದ್ಲು. ಆಮ್ಯಾಲೆ, ಮೆಹರುನ್ನೀಸಾಗ ಇದು ಗೊತ್ತಿತ್ತೇನ್ರಿ ಅಂತ ಕೇಳಿದ್ಲು. ಗೊತ್ತಿತ್ತು, ಮೊದಲಿಂದ ಅಂದೆ.

"ಮತ್ತ ಆಕಿ ಯಾಕ ನನಗ ಹೇಳಲಿಲ್ಲ?"

ಒಂದು ಮಾತು ನಾಲಿಗಿ ತುದಿಗೆ ಬಂದು ನಿಂತಿತ್ತು. ತಾ ಕೆಲಸ ಕಲೀಬೇಕಂತ ಹೇಳಲಿಲ್ಲ ಅಂದಿದ್ರ ಸಾಕಿತ್ತು. ಅದೂ ಸುಳ್ಳಲ್ಲ, ಒಂದು ಅಕ್ಷರನೂ ಸುಳ್ಳಿಲ್ಲ. ಮೆಹರುನ್ನೀಸಾ ಆಕಿ ಮನಸ್ಸಿನಿಂದ ಇಳದುಬಿಡ್ತಿದ್ಲು. ನುಂಗಿದೆ. ಹೇಳಬೇಕಾದಾಂವ ನಾನಿದ್ದೆ ಅದಕ್ಕ ಅಂದೆ.

ದಾಬೋಲಿಮ್ ನಾಕಾ ಬಂತು. ಶಾಂತವ್ವ ಎದ್ಲು, ಚೀಲಾ ಹೆಗಲಿಗೆ ಹಾಕ್ಕೊಂಡ್ಲು, ನನ್ನ ದಾಟಿ ಬಾಗಲದತ್ತ ಹೋದ್ಲು. ನಾ ಕಾದೆ. ಆಕಿ ಏನೂ ಅನ್ನದ ಇಳದ್ಲು.